ಅಪ್ಪನಿಗೆ ತೆಗೆದ ಬಾಗಿಲು ನನಗೆ ತೆಗೆಯಲಿಲ್ಲ

ಭಾನುವಾರ ಸಂಜೆ ಯಲಿಯೂರಿನಿಂದ ಅಪ್ಪನ ಫೋನು. "ಮಗ, ಅಕ್ಕನ್ ಮದ್ವೆ ಡಿಸ್ಕು ಅರ್ಧಕ್ಕೇ ನಿಂತೋಯ್ತದೆ ಕಣ್ಲಾ. ನಿಮ್ಮಜ್ಜಿ ಪದ ಹೇಳೋದು ಅದ್ರಲ್ಲೇ ಇರೋದು. ಅಜ್ಜಿ ತಿಥಿಗೆ ಅತ್ತೇರೆಲ್ಲ ಬತ್ತಾರೆ, ತೋರ್ಸು ಅಂತಾವ್ರೆ."

2009ರ ಮದುವೆ. ಚಪ್ಪರದ ಕೆಳಗೆ ಅಜ್ಜಿ ಸೋಬಾನೆ ಹೇಳಿದ್ದು ಆ ಡಿವಿಡಿಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಆಗ ನಮ್ಮನೇಲಿ ಇದ್ದದ್ದು ಬಟನ್ ಫೋನು. ವಿಡಿಯೋ ತೆಗೆದವರ ಅಂಗಡಿ ಮುಚ್ಚಿ ವರ್ಷಗಳಾಗಿವೆ. ಅಜ್ಜಿ ಹೋಗಿ ಒಂದು ವರ್ಷ ಆಗ್ತಾ ಬಂತು.

ಊರಿನ ಮನೆಯ ಹಳೇ ಕಂಪ್ಯೂಟರ್‌ಗೆ ನಾನೇ ಉಬುಂಟು ಹಾಕಿದ್ದೆ. ಬೆಂಗಳೂರಿನಿಂದಲೇ ಒಳಗೆ ಹೋಗಿ ನೋಡೋ ವ್ಯವಸ್ಥೆಯನ್ನೂ ಮಾಡಿಟ್ಟಿದ್ದೆ. ಇದೇನು ಮಹಾ, ಡಿಸ್ಕನ್ನು ಕಾಪಿ ಮಾಡಿಬಿಡೋಣ ಅಂತ ಕೂತೆ. ಮೊದಲ ಕಮಾಂಡಿಗೇ ಉತ್ತರ ಬಂತು: ಪರ್ಮಿಷನ್ ಡಿನೈಡ್.

"ಅಪ್ಪ, ನನ್ನ ಓದೋಕೇ ಬಿಡ್ತಿಲ್ಲ."

"ನಂಗೆ ಅರ್ಧಗಂಟೆವರ್ಗೂ ಓಡ್ತದಲ್ಲ, ನಿಂಗ್ಯಾಕ್ ಬಿಡಾಕಿಲ್ಲ?"

ಪ್ರಶ್ನೆ ಸರಿಯಾಗೇ ಇತ್ತು. ಲಿನಕ್ಸ್‌ನಲ್ಲಿ ಡಿಸ್ಕ್ ಡ್ರೈವ್ ಕೂಡ ಒಂದು ಫೈಲ್ ಥರ ಕಾಣುತ್ತೆ. 'ಡೆವ್' ಫೋಲ್ಡರ್ ಒಳಗೆ 'ಎಸ್‌ಆರ್0' ಅನ್ನೋ ಹೆಸರಲ್ಲಿ ಇರುತ್ತೆ. 'ಎಲ್ಎಸ್ ಮೈನಸ್ ಎಲ್' ಹೊಡೆದು ನೋಡಿದರೆ ಮಾಲೀಕ ರೂಟ್, ಗ್ರೂಪ್ 'ಸಿಡಿರಾಮ್'. ಓದೋ ಬರೆಯೋ ಹಕ್ಕು ಇವರಿಬ್ಬರಿಗೆ, ಉಳಿದವರಿಗೆ ಏನೂ ಇಲ್ಲ. ಆದರೆ ಸಾಲಿನಲ್ಲಿ ಹಕ್ಕುಗಳ ಕೊನೆಗೆ ಒಂದು ಸಣ್ಣ ಪ್ಲಸ್ ಗುರುತಿತ್ತು. ಅದರ ಅರ್ಥ ಇನ್ನೂ ಯಾರಿಗೋ ಪ್ರತ್ಯೇಕವಾಗಿ ಹಕ್ಕು ಕೊಟ್ಟಿದೆ ಅಂತ. 'ಗೆಟ್‌ಎಫ್‌ಎಸಿಎಲ್' ಕಮಾಂಡಿನಲ್ಲಿ ಕೇಳಿದೆ. ಅಲ್ಲಿದ್ದದ್ದು ಅಪ್ಪನ ಹೆಸರು!

ಉಬುಂಟು ಥರದ ಸಿಸ್ಟಂಗಳಲ್ಲಿ ಯಂತ್ರದ ಎದುರು ಕೂತು ಲಾಗಿನ್ ಆದವರಿಗೆ ಡಿಸ್ಕ್ ಡ್ರೈವಿನ ಹಕ್ಕು ತಾನಾಗೇ ಸಿಗುತ್ತೆ. ಡಿಸ್ಕ್ ಹಾಕೋರು, ತೆಗೆಯೋರು ಅವರೇ ತಾನೇ? ದೂರದಿಂದ ನೆಟ್ ಮೂಲಕ ಬಂದವನಿಗೆ ಆ ಹಕ್ಕಿಲ್ಲ. ಅವನು ಬೇಕಾದರೆ ಗ್ರೂಪಿಗೆ ಸೇರಬೇಕು.

ಸೇರಿಸಿಕೊಂಡೆ. 'ಯೂಸರ್‌ಮಾಡ್' ಕಮಾಂಡಿಗೆ ದೊಡ್ಡ 'ಜಿ' ಹಾಕಿ, ಸಿಡಿರಾಮ್ ಅಂತ ಬರೆದು, ನನ್ನ ಹೆಸರು ಕೊಟ್ಟೆ. ಗ್ರೂಪ್ ಬದಲಾದರೆ ಲಾಗ್ ಔಟ್ ಆಗಿ ಮತ್ತೆ ಬರಬೇಕು, ಬಂದೆ. ಡಿಸ್ಕ್ ಓದಿತು. ಗೀರು ಬಿದ್ದ ಡಿಸ್ಕ್ ಆದ್ದರಿಂದ 'ಡಿಡಿರೆಸ್ಕ್ಯೂ' ಹಾಕಿಕೊಳ್ಳೋಣ ಅಂತ ಸುಡೋ ಜೊತೆ ಇನ್‌ಸ್ಟಾಲ್ ಕಮಾಂಡ್ ಕೊಟ್ಟರೆ, ನೀನು ಸುಡೋ ಪಟ್ಟಿಯಲ್ಲೇ ಇಲ್ಲ ಅಂತು.

ಕೈಕಾಲು ತಣ್ಣಗಾಯ್ತು. 'ಜಿ' ಹಿಂದೆ ಒಂದು ಚಿಕ್ಕ 'ಎ' ಹಾಕಬೇಕಿತ್ತು. ಅದಿದ್ದರೆ ಇರೋ ಗ್ರೂಪುಗಳ ಜೊತೆ ಹೊಸದು ಸೇರುತ್ತೆ. ಇಲ್ಲದಿದ್ದರೆ ಹಳೇ ಗ್ರೂಪುಗಳೆಲ್ಲ ಹೋಗಿ ಹೊಸದೊಂದೇ ಉಳಿಯುತ್ತೆ. ಆ ಕಂಪ್ಯೂಟರಿನ ಅಡ್ಮಿನ್ ಅಧಿಕಾರವನ್ನ ನಾನೇ ನನ್ನಿಂದ ಕಿತ್ತುಕೊಂಡಿದ್ದೆ. ಇಷ್ಟು ವರ್ಷ ಇದೇ ಕೆಲಸಕ್ಕೆ ಸಂಬಳ ತಗೊಂಡವನು!

ಅಪ್ಪನ ಅಕೌಂಟಿನಿಂದ ಸರಿ ಮಾಡೋಣ ಅಂದರೆ ಅಲ್ಲೂ ಆಗಲ್ಲ. "ಅಪ್ಪ ಏನಾದ್ರೂ ಒತ್ತಿ ಕೆಡಿಸಿಬಿಟ್ಟರೆ?" ಅಂತ ಅವರ ಅಧಿಕಾರವನ್ನ ಮೊದಲೇ ತೆಗೆದುಹಾಕಿದ್ದವನೂ ನಾನೇ. ಅವರು ಇದುವರೆಗೆ ಏನೂ ಕೆಡಿಸಿರಲಿಲ್ಲ. ಕೆಡಿಸಿದ್ದು ನಾನು.

ಇನ್ನು ಉಳಿದದ್ದು ಒಂದೇ ದಾರಿ, ಯಂತ್ರದ ಎದುರಿಗೇ ಹೋಗೋದು. "ಕೆಲಸ ಜಾಸ್ತಿ" ಅಂತ ಎರಡು ತಿಂಗಳಿಂದ ಮುಂದೆ ಹಾಕಿಕೊಂಡು ಬಂದಿದ್ದೆ. ಶನಿವಾರ ಪ್ಯಾಸೆಂಜರ್ ರೈಲು ಹತ್ತಿದೆ. ಮಂಡ್ಯ ದಾಟಿದರೆ ಮುಂದಿನ ಸ್ಟೇಷನ್ನೇ ನಮ್ಮೂರು.

ಕಂಪ್ಯೂಟರ್ ಆನ್ ಆಗುವಾಗ ಶಿಫ್ಟ್ ಒತ್ತಿ ಹಿಡಿದು, ರಿಕವರಿ ಮೋಡ್‌ಗೆ ಹೋಗಿ, ರೂಟ್ ಶೆಲ್ ತೆಗೆದೆ. ಅಲ್ಲಿ ಹಾರ್ಡ್ ಡಿಸ್ಕ್ ಓದೋಕೆ ಮಾತ್ರ ತೆರೆದಿದ್ದರೆ ಬರೆಯೋಕೂ ಬರುವ ಹಾಗೆ ಮತ್ತೆ ಮೌಂಟ್ ಮಾಡಬೇಕು. ಮಾಡಿ, ಈ ಸಲ ಮರೆಯದೆ 'ಎ' ಹಾಕಿ ನನ್ನನ್ನ ಸುಡೋ ಗ್ರೂಪಿಗೆ ಸೇರಿಸಿದೆ. ಅದೇ ಸಾಲಿನ ಕೆಳಗೆ ಅಪ್ಪನ ಹೆಸರನ್ನೂ ಸೇರಿಸಿದೆ.

ಅಪ್ಪ ಮೆತ್ತನೆ ಬಟ್ಟೆ ತಂದು ಡಿಸ್ಕನ್ನ ಸುತ್ತ ಉಜ್ಜೋಕೆ ಹೋದರು. ಸುತ್ತ ಅಲ್ಲ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು ಅಂದೆ. ಡಿಡಿರೆಸ್ಕ್ಯೂ ಶುರುವಾಯ್ತು. ಇದು ಮೊದಲು ಸಲೀಸಾಗಿ ಓದೋ ಜಾಗವನ್ನೆಲ್ಲ ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಬರುತ್ತೆ. ಎಲ್ಲಿವರೆಗೆ ಆಯ್ತು ಅನ್ನೋದನ್ನ ಮ್ಯಾಪ್ ಫೈಲ್‌ನಲ್ಲಿ ಬರೆದಿಡೋದರಿಂದ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ರಾತ್ರಿಯಿಡೀ ಡ್ರೈವ್ ಕರ್‌ಕರ್ ಅಂತಿತ್ತು. ಅಪ್ಪ ಎರಡು ಸಲ ಎದ್ದು ಬಂದು ನೋಡಿದರು.

ಬೆಳಿಗ್ಗೆ ಪೂರ್ತಿ ಬಂದಿರಲಿಲ್ಲ. ಒಂದು ಕಡೆ ಚಿತ್ರ ಚೂರುಚೂರಾಗುತ್ತೆ, ಅಜ್ಜಿಯ ದನಿ ಕೆಲವು ಕ್ಷಣ ಕಡಿದುಹೋಗುತ್ತೆ. ಆದರೆ ಪದ ಮುಗಿದ ಮೇಲೆ ಕ್ಯಾಮೆರಾದವನಿಗೆ "ಸಾಕು ಆಫ್ ಮಾಡಪ್ಪ" ಅಂತ ಗದರೋದು ಚೆನ್ನಾಗಿ ಕೇಳುತ್ತೆ. ಅದನ್ನ ಅಪ್ಪ ನಾಲ್ಕು ಸಲ ಹಾಕಿಸಿದರು.

ನಿಮ್ಮ ಮನೆ ಬೀರುವಿನಲ್ಲೂ ಇಂಥ ಡಿಸ್ಕ್ ಇದ್ದೇ ಇರುತ್ತೆ. ಈ ತಿಂಗಳೇ ಕಾಪಿ ಮಾಡಿ, ಎರಡು ಕಡೆ ಇಡಿ. ಲಿನಕ್ಸ್ ಬಿಡಲ್ಲ ಅಂದರೆ ಸಿಟ್ಟಿನಲ್ಲಿ ಎಲ್ಲರಿಗೂ ಎಲ್ಲ ಹಕ್ಕು ಕೊಡೋ ಕಮಾಂಡ್ ಹೊಡೆಯಬೇಡಿ. ಕಂಪ್ಯೂಟರ್ ರೀಸ್ಟಾರ್ಟ್ ಆದರೆ ಆ ಡಿವೈಸ್ ಫೈಲ್ ಹೊಸದಾಗಿ ಹುಟ್ಟುತ್ತೆ, ನೀವು ಮಾಡಿದ್ದು ನಿಲ್ಲಲ್ಲ. ಯಾವ ಗ್ರೂಪು ನೋಡಿ, ಸೇರಿಕೊಳ್ಳಿ. ಆ ಚಿಕ್ಕ 'ಎ' ಮರೀಬೇಡಿ.

ಹೊರಡುವಾಗ ಅಪ್ಪನಿಗೆ ಹೇಳಿದೆ, "ಈಗ ನಿಂಗೂ ಫುಲ್ ಪರ್ಮಿಷನ್ ಐತೆ ಕಣಪ್ಪ."

"ನಂಗ್ಯಾಕ್ಲಾ ಅದೆಲ್ಲ? ಕೆಟ್ಟೋದ್ರೆ ನೀನೇ ಬಾ" ಅಂದರು.