ಗದ್ದಲಕ್ಕೂ ಒಂದು ಕುಲಗೋತ್ರ

ಬೆಂಗಳೂರಿನ ಒಂದು ಮನೆ. ಭಾನುವಾರ ಮಧ್ಯಾಹ್ನ. ಒಳಕೋಣೆಯಲ್ಲಿ ಪಿ.ಯು.ಸಿ. ಓದುವ ಮಗನಿಗೂ ಅವನ ಗೆಳೆಯನಿಗೂ ಜಗಳ ಹತ್ತಿದೆ. ಹಜಾರದಲ್ಲಿ ಪತ್ರಿಕೆ ಹಿಡಿದು ಕೂತ ತಂದೆಗೆ ಮೊದಲು ಕೇಳಿಸಿದ್ದು ಹಿಟ್ಟಿನ ಗಿರಣಿಯಂಥ ಸದ್ದು, ಆಮೇಲೆ ಮಾತು.

"ಆಲ್ಬಮ್ಮಿನ ಹೆಸರೇ 'ಬ್ಲ್ಯಾಕ್ ಮೆಟಲ್' ಅಂತಿದೆಯಲ್ಲೋ, ಇನ್ನೇನು ಬೇಕು ನಿನಗೆ?"

"ಹೆಸರಿಟ್ಟ ಮಾತ್ರಕ್ಕೆ ಆಗಿಬಿಡುತ್ತೇನೋ? ಅದು ಸ್ಪೀಡ್ ಮೆಟಲ್ ಕಣೋ. ನಿಜವಾದ ಬ್ಲ್ಯಾಕ್ ಮೆಟಲ್ ನಾರ್ವೆಯವರದ್ದು."

ತಂದೆಗೆ ನಗು ಬಂತು. ಈ ಗದ್ದಲಕ್ಕೆ ಕುಲಗೋತ್ರ ಬೇರೆಯೇ? ಆದರೆ 'ನಾರ್ವೆ' ಎಂಬ ಮಾತು ಕಿವಿಗೆ ಬಿದ್ದೊಡನೆ ನಗು ನಿಂತಿತು. 1992ರ ಜೂನ್ ತಿಂಗಳಲ್ಲಿ ಅಲ್ಲಿನ ಬರ್ಗೆನ್ ನಗರದಲ್ಲಿ ಫಾಂಟಾಫ್ಟ್ ಎಂಬ ಪ್ರಾಚೀನ ಮರದ ಚರ್ಚು ಸುಟ್ಟು ಬೂದಿಯಾದದ್ದನ್ನೂ, ಆ ವರ್ಷಗಳಲ್ಲಿ ಚರ್ಚುಗಳಿಗೆ ಬೆಂಕಿಯಿಟ್ಟ ಅಪರಾಧಕ್ಕೆ ಬ್ಲ್ಯಾಕ್ ಮೆಟಲ್ ಸಂಗೀತಗಾರರು ಕೆಲವರಿಗೆ ಶಿಕ್ಷೆಯಾದದ್ದನ್ನೂ ಅವರು ಎಲ್ಲೋ ಓದಿದ್ದರು. ಮಗ ದಾರಿ ತಪ್ಪುತ್ತಿದ್ದಾನೆಯೇ ಎಂಬ ಅಳುಕು ಹುಟ್ಟಿದ್ದು ಅಂದಿನಿಂದಲೇ.

ಹುಡುಗರ ಜಗಳವೇನೂ ಹೊಸತಲ್ಲ. ಈ ಸಂಗೀತ ಕೇಳುವವರು ದಶಕಗಳಿಂದ ಇದನ್ನೇ ವಾದಿಸುತ್ತ ಬಂದಿದ್ದಾರೆ. ರಾಕ್ ಸಂಗೀತದಿಂದ ಹೆವಿ ಮೆಟಲ್ ಹುಟ್ಟಿತು. 1980ರ ದಶಕದಲ್ಲಿ ಅದು ಇನ್ನೂ ವೇಗ, ಇನ್ನೂ ಅಬ್ಬರ ಪಡೆದು ಥ್ರ್ಯಾಶ್, ಡೆತ್, ಬ್ಲ್ಯಾಕ್ ಎಂದು ಕವಲೊಡೆಯಿತು. ಥ್ರ್ಯಾಶ್ ಕವಲಿನ ಅಮೆರಿಕದ ತಂಡ ಸ್ಲೇಯರ್ 2012ರಲ್ಲಿ ಬೆಂಗಳೂರಿಗೂ ಬಂದು ನುಡಿಸಿ ಹೋಗಿದೆ.

ಇವುಗಳಲ್ಲಿ ಹೆಚ್ಚು ತಕರಾರಿಗೆ ಸಿಕ್ಕಿದ್ದು ಬ್ಲ್ಯಾಕ್ ಮೆಟಲ್. ಆ ಹೆಸರು ಬಂದದ್ದು ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ವೆನಮ್ ಎಂಬ ಮೂವರ ತಂಡ 1982ರಲ್ಲಿ ಹೊರತಂದ ಆಲ್ಬಮ್ಮಿನಿಂದ. ಹತ್ತು ವರ್ಷಗಳ ನಂತರ ನಾರ್ವೆಯ ಡಾರ್ಕ್‌ಥ್ರೋನ್ ಮುಂತಾದ ತಂಡಗಳು ಅದೇ ಹೆಸರಿನಲ್ಲಿ ನುಡಿಸಿದ್ದು ಬೇರೆಯೇ ನಾದ: ಎಡೆಬಿಡದೆ ಮೀಟುವ ಗಿಟಾರ್, ಉಸಿರಾಡಲು ಬಿಡದ ಡ್ರಮ್, ಕಿರುಚುವ ಕಂಠ, ಬೇಕೆಂದೇ ಒರಟಾಗಿ ಉಳಿಸಿಕೊಂಡ ಧ್ವನಿಮುದ್ರಣ. ಹೆಸರು ಕೊಟ್ಟವರ ಸಂಗೀತ ಮಾತ್ರ ಈ ಲಕ್ಷಣಗಳಿಗೆ ಅಷ್ಟಾಗಿ ಹೊಂದುವುದಿಲ್ಲ. ತಮಾಷೆಯೆಂದರೆ ಇದೇ ಡಾರ್ಕ್‌ಥ್ರೋನ್ 1991ರ ತನ್ನ ಮೊದಲ ಆಲ್ಬಮ್ಮಿನಲ್ಲಿ ನುಡಿಸಿದ್ದು ಡೆತ್ ಮೆಟಲ್!

ಹಾಗಾದರೆ ಸಾಹಿತ್ಯ ನೋಡಿ ವಿಂಗಡಿಸೋಣವೆಂದರೆ ಅಲ್ಲೂ ತೊಡಕು. ಡೆನ್ಮಾರ್ಕಿನ ಮರ್ಸಿಫುಲ್ ಫೇಟ್ ತಂಡದ ಹಾಡುಗಳಲ್ಲಿ ಸೈತಾನನ ಮಾತು ಬೇಕಾದಷ್ಟಿದೆ, ಗಾಯಕನ ಮುಖಕ್ಕೆ ಬಣ್ಣವೂ ಇದೆ; ಆದರೆ ಗಿಟಾರ್ ಸ್ಪಷ್ಟ, ಕಂಠ ತಾರಸ್ಥಾಯಿಯಲ್ಲಿ ಏರುವ ಹಾಡುಗಂಠ. ಆಸ್ಟ್ರೇಲಿಯದ ಹೋರ್ಡ್ ಎಂಬ ಹೆಸರಿನಲ್ಲಿ 1994ರಲ್ಲಿ ಬಂದ ಆಲ್ಬಮ್ಮಿನ ಕಥೆ ಇದಕ್ಕೆ ತದ್ವಿರುದ್ಧ. ನಾದ ನಾರ್ವೆಯದ್ದೇ, ಮಾತು ಮಾತ್ರ ಸೈತಾನನ ವಿರುದ್ಧ, ಕ್ರಿಸ್ತನ ಪರ. ಮಾತು ಹಿಡಿದರೆ ಮೊದಲಿನದು ಒಳಗೆ, ಎರಡನೆಯದು ಹೊರಗೆ. ನಾದ ಹಿಡಿದರೆ ಎರಡನೆಯದು ಒಳಗೆ, ಮೊದಲಿನದು ಹೊರಗೆ.

ಜೀವಶಾಸ್ತ್ರ ಓದುವ ಮಕ್ಕಳಿಗೆ ಈ ಪೇಚು ಹೊಸದಲ್ಲ. ಯುಗ್ಲೀನಾಕ್ಕೆ ಪತ್ರಹರಿತ್ತು ಇದೆ, ಆದ್ದರಿಂದ ಸಸ್ಯವೆಂದರು. ಚಾವಟಿಯಂಥ ಬಾಲ ಬೀಸಿ ಈಜುತ್ತದೆ, ಆದ್ದರಿಂದ ಪ್ರಾಣಿಯೆಂದರು. ಕಡೆಗೆ ಅದಕ್ಕೆ ಪ್ರೋಟಿಸ್ಟ ಎಂಬ ಬೇರೆ ಮನೆಯನ್ನೇ ಕಟ್ಟಬೇಕಾಯಿತು. ನೀರಿನಲ್ಲಿ ಈಜುವ ತಿಮಿಂಗಿಲವನ್ನು ಮೀನುಗಳ ಸಾಲಿನಿಂದ ಎತ್ತಿ ಸಸ್ತನಿಗಳ ಸಾಲಿಗೆ 1758ರಲ್ಲಿ ಸೇರಿಸಿದವನು ಲಿನೇಯಸ್. ಆಕಾರ ನೋಡಿದರೆ ಮೀನು. ಮರಿಗೆ ಹಾಲೂಡಿಸುವುದನ್ನು ನೋಡಿದರೆ ಹಸುವಿನ ಬಳಗ. ಯಾವ ಗುಣವನ್ನು ಮುಖ್ಯವೆಂದು ಹಿಡಿಯಬೇಕೆಂಬುದು ಮೊದಲು ತೀರ್ಮಾನವಾಗಬೇಕು. ಅದು ತೀರ್ಮಾನವಾಗದೆ ವಾದ ಮುಗಿಯುವುದಿಲ್ಲ.

ಸಂಗೀತದಲ್ಲಿ ಇನ್ನೂ ಒಂದು ಕಷ್ಟವಿದೆ. ಪ್ರಾಣಿಗಳ ವಂಶವೃಕ್ಷದಲ್ಲಿ ಕವಲೊಡೆದು ದೂರವಾದ ಕೊಂಬೆಗಳು ಮತ್ತೆ ಕೂಡುವುದಿಲ್ಲ. ಸಂಗೀತದ ಕೊಂಬೆಗಳು ದಿನವೂ ಕೂಡುತ್ತವೆ. ಒಂದು ತಂಡ ನಾಲ್ಕು ಕಡೆಯಿಂದ ಕಲಿಯುತ್ತದೆ. ನಾಳೆ ಮನಸ್ಸು ಬದಲಿಸುತ್ತದೆ.

ತಂದೆ ಎದ್ದು ಕೋಣೆಯ ಬಾಗಿಲಿಗೆ ಬಂದರು. ಹುಡುಗರು ಸದ್ದು ತಗ್ಗಿಸಿ ಬೈಗುಳಕ್ಕೆ ಕಾದರು. ಅವರು ಕೇಳಿದ್ದು ಇಷ್ಟೇ: "ಅಲ್ರಪ್ಪಾ, ನೀವಿಬ್ಬರೂ ಯಾವುದನ್ನು ನೋಡಿ ವಿಂಗಡಿಸ್ತಿದ್ದೀರಿ? ಹೆಸರನ್ನೋ, ಮಾತನ್ನೋ, ನಾದವನ್ನೋ?"

ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಒಬ್ಬ ಹೆಸರು ಹಿಡಿದಿದ್ದ, ಇನ್ನೊಬ್ಬ ನಾದ ಹಿಡಿದಿದ್ದ. ಅರ್ಧ ಗಂಟೆ ಕೂಗಾಡಿದ್ದು ಎರಡು ಬೇರೆ ಪ್ರಶ್ನೆಗಳಿಗೆ.

"ಕೂತ್ಕೊಳ್ಳಿ ಅಪ್ಪಾ, ಎರಡನ್ನೂ ಹಾಕ್ತೀನಿ" ಎಂದ ಮಗ. ವೆನಮ್‌ನ ಹಾಡಿಗೆ ತಂದೆಯ ಪಾದ ತಾಳ ಹಿಡಿಯಬಲ್ಲದಾಗಿತ್ತು. ಡಾರ್ಕ್‌ಥ್ರೋನ್ ಮಾತ್ರ ತಗಡಿನ ಮಾಡಿನ ಮೇಲೆ ಸುರಿಯುವ ಆಲಿಕಲ್ಲು. ಅವರಿಗೆ ಎರಡೂ ಹಿಡಿಸಲಿಲ್ಲ. ಆದರೆ ಎರಡೂ ಒಂದೇ ಅಲ್ಲವೆಂಬುದು ಅವರಿಗೂ ತಿಳಿಯಿತು.

"ಅಲ್ಲಪ್ಪಾ, ಚರ್ಚಿಗೆ ಬೆಂಕಿ ಇಟ್ಟವರೂ ಇದನ್ನೇ ನುಡಿಸುತ್ತಿದ್ದರಂತಲ್ಲ?" ಎಂದರು, ಮೆಲ್ಲಗೆ.

"ಹೌದಪ್ಪಾ, ಕೆಲವರು. ಅದು ತಪ್ಪೇ. ಕ್ರಿಸ್ತನನ್ನು ಹೊಗಳಿ ನುಡಿಸಿದವರೂ ಇದ್ದಾರಲ್ಲ."

ಸಂಗೀತಕ್ಕೆ ಅಂಟಿಸಿದ ಚೀಟಿ ಅದನ್ನು ನುಡಿಸುವವರೆಲ್ಲರ ನಡತೆಯನ್ನು ಹೇಳುವುದಿಲ್ಲ. ಕೇಳುವ ಹುಡುಗನ ನಡತೆಯನ್ನಂತೂ ಹೇಳುವುದೇ ಇಲ್ಲ. ಮಗನ ಮೇಲೆ ತಾವು ಮನಸ್ಸಿನಲ್ಲೇ ಅಂಟಿಸಿದ್ದ ಚೀಟಿ ತಂದೆಗೆ ನೆನಪಾಯಿತು. ಹಾಡು ಹಾಡಿನ ಭೇದವನ್ನು ಇಷ್ಟು ಸೂಕ್ಷ್ಮವಾಗಿ ಗುರುತಿಸುವ ಕಿವಿ ಇವನಿಗಿದೆ ಎಂಬುದು ಅವರಿಗೆ ಈವರೆಗೆ ಗೊತ್ತಿರಲಿಲ್ಲ, ಕೇಳಿರಲೂ ಇಲ್ಲ.

"ಇನ್ನು ಡೆತ್ ಮೆಟಲ್ ಹಾಕ್ತೀನಿ, ಅಪ್ಪಾ."

"ಬೇಡ ಮಾರಾಯ, ತಲೆ ಸಿಡೀತಿದೆ" ಎಂದು ಎದ್ದರು. ಬಾಗಿಲಲ್ಲಿ ನಿಂತು, "ಅದು ಮುಂದಿನ ಭಾನುವಾರಕ್ಕಿರಲಿ" ಎಂದರು.