ಬಾಣಂತಿ ಬ್ಯಾಸಗಿ

ಮೇ ತಿಂಗಳು ಬಂತೆಂದರೆ ಬುದ್ಧಿ ನೆಟ್ಟಗಿರುವ ಬಯಲುಸೀಮೆಯವರೆಲ್ಲ ಘಟ್ಟ ಇಳಿದು ನಮ್ಮ ಕಡೆ ಬರುತ್ತಾರೆ. ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಿದರೆ ಕಾಸರಕೋಡು. 2020ರಲ್ಲಿ ಅಲ್ಲಿನ ತೀರಕ್ಕೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕ ಮೇಲಂತೂ ರಜೆಯ ದಿನ ಮರಳಿಗಿಂತ ಚಪ್ಪಲಿಗಳೇ ಹೆಚ್ಚು ಕಾಣುತ್ತವೆ. ಅಂಥ ಬೇಸಿಗೆಯೊಂದರಲ್ಲಿ ನಾನು ಶಾಲೆಗೆ ಬೀಗ ಬಿದ್ದ ದಿನವೇ ಚೀಲ ಹೆಗಲಿಗೇರಿಸಿ, ಘಟ್ಟ ಹತ್ತಿ, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಚಿತ್ತಾಪುರ ತಾಲ್ಲೂಕಿನ ಗುಂಡಗುರ್ತಿಗೆ ಹೊರಟಿದ್ದೆ. ಪಕ್ಕದ ಸೀಟಿನವರು ‘ಈ ಬಿಸಿಲಲ್ಲಿ ಕಲಬುರಗಿ ಕಡೆಗಾ?’ ಎಂದು ಕೇಳಿದ ಧಾಟಿ, ಜೈಲಿಗೆ ಹೊರಟವನನ್ನು ವಿಚಾರಿಸುವಂತಿತ್ತು. ‘ಮಗು ಹುಟ್ಟಿದೆ’ ಎಂದೆ. ತಪ್ಪಿಗೆ ತಕ್ಕ ಕಾರಣ ಸಿಕ್ಕಂತೆ ತಲೆಯಾಡಿಸಿದರು.

ಚೊಚ್ಚಲು ಹೆರಿಗೆ ತವರಿನಲ್ಲೇ ಎಂಬುದರ ಬಗ್ಗೆ ಚರ್ಚೆಯಿರಲಿಲ್ಲ. ಕೂಸು ಏಪ್ರಿಲ್ ಮೊದಲ ವಾರವನ್ನೇ ಆರಿಸಿಕೊಂಡದ್ದು ಮಾತ್ರ ಅದರದೇ ತೀರ್ಮಾನ. ಹೊರಗೆ ತಾಪಮಾನ 43 ಡಿಗ್ರಿ. ಒಳಗೆ, ಕಿಟಕಿ ಸಂದಿಗೆಲ್ಲ ಹಳೇ ಸೀರೆ ತುರುಕಿದ ಕೋಣೆಯಲ್ಲಿ, ಹೊರಸಿನ ಮೇಲೆ ನನ್ನ ಹೆಂಡತಿ. ತಲೆಗೆ ಬಿಗಿದು ಕಟ್ಟಿದ ವಸ್ತ್ರ, ಕಿವಿಯಲ್ಲಿ ಹತ್ತಿ. ಹೊರಸಿನ ಕೆಳಗೆ ನಿಗಿನಿಗಿ ಕೆಂಡ. ನನಗೆ ಕಣ್ಣು ಕತ್ತಲಿಟ್ಟಿತು.

‘ಬೆಂಕಿ ಯಾಕೆ ಅತ್ತೆ?’

‘ಥಂಡಿ ಆಗಬಾರದು ನೋಡ್ರಿ’ ಎಂದರು ಅತ್ತೆ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ.

ಕೂಸಿನ ತಲೆಗೆ ಕುಂಚಿಗೆ, ಮೈಗೆ ಎರಡು ಸುತ್ತು ಬಟ್ಟೆ. ಮೂಗಿನ ತುದಿ, ಸಿಟ್ಟಿನ ಎರಡು ಕಣ್ಣು, ಇಷ್ಟೇ ನನ್ನ ಪಾಲಿಗೆ ದಕ್ಕಿದ ಮಗಳು. ಆಶಾ ಕಾರ್ಯಕರ್ತೆ ಬಂದಾಗ ಈ ವ್ಯವಸ್ಥೆ ಸ್ವಲ್ಪ ಸಡಿಲಾಗುತ್ತಿತ್ತು. ಹೆರಿಗೆಯಾದ 42ನೇ ದಿನದವರೆಗೆ ಗೊತ್ತಾದ ದಿನಗಳಂದು ಮನೆಗೆ ಬಂದು ಮಗು ತೂಗಿ ನೋಡುವುದು ಅವರ ಕೆಲಸ. ಆಕೆ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಕೆಂಡ ಹಿತ್ತಿಲಿಗೆ ಹೋಗಿರುತ್ತಿತ್ತು, ಕಿಟಕಿ ತೆರೆದಿರುತ್ತಿತ್ತು. ‘ಹೊಗಿ ಹಾಕಬ್ಯಾಡ್ರಿ, ಇಷ್ಟು ಬಟ್ಟಿ ಸುತ್ತಬ್ಯಾಡ್ರಿ, ಎದಿಹಾಲು ಬಿಟ್ಟು ಒಂದು ಹನಿ ನೀರೂ ಬ್ಯಾಡ’ ಎಂದು ಆಕೆ ಹೇಳಿದ್ದಕ್ಕೆಲ್ಲ ಅತ್ತೆ ‘ಹೌದ್ರಿ, ಖರೇ ಅದರಿ’ ಎನ್ನುತ್ತಿದ್ದರು. ಆಕೆ ಓಣಿಯ ತಿರುವು ದಾಟಿದೊಡನೆ ಸೀರೆಗಳು ಕಿಟಕಿಗೆ ಮರಳುತ್ತಿದ್ದವು. ಎರಡು ಭೇಟಿಗಳ ನಡುವೆ ಹೆಂಡತಿಯೂ ನಾನೂ ಸೇರಿ ಗೆದ್ದದ್ದೆಂದರೆ ಒಂದೇ, ಕೆಂಡ ಹಗಲಿಗೆ ಬೇಡ, ಸ್ನಾನದ ಹೊತ್ತಿಗಷ್ಟೇ ಎಂಬ ಒಪ್ಪಂದ. ಫ್ಯಾನಿನ ವಿಷಯ ಕೊನೆಯವರೆಗೂ ಮಾತುಕತೆಯ ಹಂತದಲ್ಲೇ ಇತ್ತು.

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಸರ್ಕಾರವೇ ಕೈಚೆಲ್ಲಿದ ಮೇಲೆ ಅಳಿಯನ ಪಾಡೇನು? ಬಾಣಂತಿ ಮನೆಯಲ್ಲಿ ಅಪ್ಪನೆಂಬ ಪ್ರಾಣಿಗೆ ಯಾವ ಕೆಲಸವೂ ಇಲ್ಲ. ಕೋಣೆಯೊಳಗೆ ಹೆಚ್ಚು ಹೊತ್ತು ಕೂತರೆ ‘ಗಂಡಸ್ರಿಗೇನದ ಇಲ್ಲಿ’ ಎಂಬ ನೋಟ. ಹೊರಗೆ ಹೋದರೆ ಝಳ. ಅಂಟಿನ ಉಂಡಿ ಬಾಣಂತಿಗೆಂದು ಡಬ್ಬಿಯಲ್ಲಿತ್ತು. ಅದು ದಿನದಿನಕ್ಕೆ ಇಳಿಯುತ್ತಿದ್ದುದಕ್ಕೆ ಕಾರಣ ಬಾಣಂತಿಯೊಬ್ಬಳೇ ಎಂದು ಎಲ್ಲರೂ ನಂಬಿದ್ದರು.

ಹೆಸರಿಡುವ ದಿನ ಹೊನ್ನಾವರದಿಂದ ನನ್ನ ತಂಗಿ ಬಂದಳು. ಸೋದರತ್ತೆಯೇ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕೆಂಬುದು ಅವಳಿಗೆ ಗೊತ್ತಿತ್ತು. ಬಗ್ಗಿ ‘ಕುರ್‌ರ್’ ಎಂದು ಉಸುರುವ ಹೊತ್ತಿಗೆ ಸುತ್ತ ನಿಂತ ಹೆಂಗಸರೆಲ್ಲ ಸೇರಿ ಅವಳ ಬೆನ್ನಿಗೆ ಗುದ್ದುತ್ತಾರೆಂಬುದನ್ನು ಯಾರೂ ಹೇಳಿರಲಿಲ್ಲ. ಮೊದಲ ಗುದ್ದಿಗೆ ಕೈತಪ್ಪಿ ಬಿದ್ದಿರಬೇಕೆಂದುಕೊಂಡಳು, ಎರಡನೆಯದಕ್ಕೆ ತಿರುಗಿ ನೋಡಿದಳು, ಮೂರನೆಯದಕ್ಕೆ ಹೆಸರು ಕಿರುಚಿದಳು. ಗುಟ್ಟಾಗಿ ಕೂಸಿಗೆ ತಿಳಿಯಬೇಕಾದ ಹೆಸರು ಓಣಿಗೆಲ್ಲ ತಿಳಿಯಿತು. ‘ದನಿ ಗಟ್ಟಿ ಅದ’ ಎಂದು ಹಿರಿಯರು ಮೆಚ್ಚಿ ಅವಳ ಸೆರಗಿಗೆ ಗುಗ್ಗರಿ ಹಾಕಿದರು.

ಮಾವ ಶಹಾಬಾದ್ ಕಡೆಯ ಕಲ್ಲಿನ ಖಣಿಗಳಲ್ಲಿ ವಯಸ್ಸು ಕಳೆದವರು. ನಾನು ಮನೆಯಲ್ಲಿ ಅಡ್ಡಾಡಿ ಅಡ್ಡಿಯಾಗುತ್ತಿದ್ದೇನೆಂದು ಕಂಡಾಗಲೆಲ್ಲ ‘ನಡ್ರಿ ಮಾಸ್ತರ’ ಎಂದು ಗಾಡಿ ತೆಗೆಯುತ್ತಿದ್ದರು. ಒಮ್ಮೆ ಬೆಳಗಿನ ಜಾವವೇ ಮಳಖೇಡಕ್ಕೆ ಹೋದೆವು. ಕಾಗಿಣಾ ನದಿ ಕಲ್ಲುಗಳ ನಡುವೆ ದಾರಿ ಹುಡುಕಿಕೊಂಡು ಹೋಗುತ್ತಿತ್ತು. ಕೋಟೆಯ ಕಲ್ಲು ಎಂಟು ಗಂಟೆಗೇ ಕಾದಿತ್ತು. ಅಮೋಘವರ್ಷ ನೃಪತುಂಗ ಪಟ್ಟವೇರಿದ್ದು 814ರಲ್ಲಿ. ಅರವತ್ತಕ್ಕೂ ಹೆಚ್ಚು ವರ್ಷ ಆಳಿದ ಅವನ ರಾಜಧಾನಿ ಇದೇ ಊರು. ‘ಕವಿರಾಜಮಾರ್ಗ’ ಹುಟ್ಟಿದ್ದೂ ಅವನ ಆಸ್ಥಾನದಲ್ಲೇ. ರಾಷ್ಟ್ರಕೂಟರಿಗೆ ಕೊಂಕಣದ ಕಡಲತೀರವೂ ಕೈಯಲ್ಲಿತ್ತು. ಅಂಥವರು ತಂಗಾಳಿ ಬಿಟ್ಟು ಈ ಬಂಡೆಯ ಮೇಲೆ ಬಂದು ಕೂತರಲ್ಲ ಎಂದು ಮಾವನ ಮುಂದೆ ಗೊಣಗಿದೆ.

‘ಬಿಸಲಿಗಿ ಮಂದಿ ಗಟ್ಟಿ ಆಗ್ತಾರ್ರಿ ಮಾಸ್ತರ. ಅಲ್ಲೇ ಇದ್ದಿದ್ರ ಅರವತ್ತು ವರ್ಷ ಆಳ್ತಿದ್ನೇನು?’

ವಾದದಲ್ಲಿ ತೂತು ಹುಡುಕುವಷ್ಟು ತ್ರಾಣ ನನಗಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಗಂಡಸರು ಪಡಸಾಲೆಯ ಫರಸಿಯ ಮೇಲೆ ಅಂಗಿ ಕಳಚಿ ಬೋರಲು ಬೀಳುತ್ತಿದ್ದೆವು. ಮನೆಯಲ್ಲಿ ತಂಪಾಗಿದ್ದದ್ದು ಆ ಬೂದು ಕಲ್ಲೊಂದೇ. ಹಾಗೆ ಕೆನ್ನೆ ಒತ್ತಿ ಮಲಗಿದ್ದಾಗ, ಶಾಲೆಯಲ್ಲಿ ಪಾಠ ಮಾಡಿದ್ದು ನೆನಪಾಗಿ ಮಾವನಿಗೆ ಹೇಳಿದೆ: ಭೀಮಾ ಕಣಿವೆಯ ಈ ಸುಣ್ಣದ ಕಲ್ಲೆಲ್ಲ ಒಂದು ಕಾಲದಲ್ಲಿ ಕಡಲಿನ ತಳ. ಮೀನು ಹುಟ್ಟುವುದಕ್ಕೂ ಕೋಟ್ಯಂತರ ವರ್ಷ ಮೊದಲು ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ಅದರ ತಳಕ್ಕೆ ಸುಣ್ಣದ ಕೆಸರು ಪದರ ಪದರವಾಗಿ ಇಳಿದು ಗಟ್ಟಿಯಾಯಿತು. ಅದಕ್ಕೇ ಉಳಿ ಇಟ್ಟು ಹೊಡೆದರೆ ಹಲಗೆ ಹಲಗೆಯಾಗಿ ಏಳುತ್ತದೆ. ವಾಡಿ, ಸೇಡಂನಲ್ಲಿ ಸಿಮೆಂಟ್ ಕಾರ್ಖಾನೆಗಳು ಎದ್ದದ್ದೂ ಇದೇ ಸುಣ್ಣದ ಕಲ್ಲನ್ನು ನಂಬಿ.

ಮಾವ ಎದ್ದು ಕೂತರು. ಅಂಗೈಯಿಂದ ನೆಲ ಸವರಿದರು. ಬಹಳ ಹೊತ್ತು ಮಾತಿಲ್ಲ.

‘ಅಂದ್ರ ಇಷ್ಟು ದಿನ ನಾ ಸಮುದ್ರ ಒಡದು ಮಾರೀನಿ ಅನ್ರಿ!’

ಅಡುಗೆಮನೆಯಿಂದ ಅತ್ತೆಯ ದನಿ ಬಂತು: ‘ಅದಕ್ಕs ಮಳಿಗಾಲದಾಗ ನೆಲಾ ಬೆವರ್ತದ.’

ಆ ಸುದ್ದಿ ಸಂಜೆಯೊಳಗೆ ಊರಾಡಿತು. ಕೂಸು ನೋಡಲು ಬಂದವರು ಕೂಸಿನ ಜೊತೆ ನೆಲವನ್ನೂ ನೋಡಿಕೊಂಡು ಹೋದರು. ನಲವತ್ತು ದಿನ ತುಂಬಿ ಮಗಳನ್ನು ಕೋಣೆಯಿಂದ ಹೊರಗೆ ತಂದಾಗ ಮಾವ ಯಾರ ಮಾತೂ ಕೇಳದೆ ಫರಸಿಯ ಮೇಲೆ ತೆಳ್ಳನೆಯ ಬಟ್ಟೆ ಹಾಸಿ ಮಲಗಿಸಿದರು. ಕುಂಚಿಗೆ ಕಳಚಿತು. ಅವಳಿಗೆ ಕಿವಿಗಳೂ ಇದ್ದವು.

ಇರುಳು ಗಂಡಸರೆಲ್ಲ ಮಾಳಿಗೆಯ ಮೇಲೆ. ಸಂಜೆ ಕೊಡಗಟ್ಟಲೆ ನೀರು ಹೊಯ್ದರೂ ಮಾಳಿಗೆ ಹನ್ನೊಂದರವರೆಗೆ ಹಬೆಯಾಡುತ್ತಿತ್ತು. ನನ್ನ ಹಾಸಿಗೆಯನ್ನು ನಾನು ಬೆಳಕಿಂಡಿಯ ಪಕ್ಕಕ್ಕೆ ಹಾಕಿಕೊಳ್ಳುತ್ತಿದ್ದೆ. ಅದು ಬಾಣಂತಿ ಕೋಣೆಯ ಬೆಳಕಿಂಡಿ. ಅತ್ತೆಯ ಗೊರಕೆ ಶುರುವಾದ ಮೇಲೆ ಕೆಳಗಿನಿಂದ ಸಣ್ಣ ದನಿ ಏರಿ ಬರುತ್ತಿತ್ತು.

‘ರೀ, ನಿದ್ದಿ ಹತ್ತಿತೇನು?’

‘ಇಲ್ಲ.’

‘ಇಕಿಗೂ ಇಲ್ಲ.’

ಬಸುರಿಯಿದ್ದಾಗ ಹೊನ್ನಾವರದಲ್ಲಿ ದಿನಾ ಸಂಜೆ ಬಂದರಿನತ್ತ ನಡೆದುಹೋಗಿ ನೀರು ನೋಡುವುದು ಅವಳಿಗೆ ರೂಢಿಯಾಗಿತ್ತು. ‘ಈಗ ಅಲ್ಲಿ ಸಮುದ್ರ ಮುಂದ ಬಂದಿರ್ತದೋ, ಹಿಂದ ಹೋಗಿರ್ತದೋ?’ ಎಂದು ಕತ್ತಲಿನಿಂದ ಕೇಳುತ್ತಿದ್ದಳು. ನಾನು ಚಂದ್ರನನ್ನು ನೋಡಿ, ತಿಥಿ ಎಣಿಸಿ, ಭರತವೋ ಇಳಿತವೋ ಲೆಕ್ಕ ಹಾಕಿ ತೂತಿನೊಳಗೆ ಬಾಯಿಟ್ಟು ವರದಿ ಒಪ್ಪಿಸುತ್ತಿದ್ದೆ. ಇಳಿತವೆಂದರೆ ಅವಳಿಗೆ ಬೇಜಾರು. ಹಾಗಾಗಿ ಕೆಲವು ಇರುಳು ನಾನು ಚಂದ್ರನನ್ನು ಕೇಳದೆಯೇ ಭರತ ತರಿಸಿದ್ದುಂಟು. ದೂರದಲ್ಲಿ ಗೂಡ್ಸ್ ಗಾಡಿಯ ಸದ್ದು. ಸೇಡಂ ದಿಕ್ಕಿಗೆ ಕಾರ್ಖಾನೆಯ ದೀಪ. ಕೂಸು ಒಮ್ಮೆ ಕೂಗಿತೆಂದರೆ ಗೊರಕೆ ನಿಲ್ಲುತ್ತಿತ್ತು, ನಮ್ಮ ಸಂಸಾರವೂ ಅಲ್ಲಿಗೆ ನಿಲ್ಲುತ್ತಿತ್ತು. ಈಗ ಒಂದೇ ಕೋಣೆಯಲ್ಲಿ ಮಲಗುತ್ತೇವೆ, ಅಷ್ಟು ಮಾತಾಡುವುದಿಲ್ಲ.

ಮೇ ಕೊನೆಗೆ ನಾನೊಬ್ಬನೇ ಹಿಂದಿರುಗಿದೆ. ತಾಯಿ, ಮಗಳು ಮಳೆಗಾಲ ಮುಗಿಯುವ ಹೊತ್ತಿಗೆ ಬಂದರು. ಹಿಂದೆಯೇ ಮಾವನ ಕೂಲರೂ ಬಂತು. ಹುಲ್ಲಿನ ಪದರಕ್ಕೆ ನೀರು ಇಳಿಸಿ ಗಾಳಿ ಎಳೆಯುವ ಆ ತಗಡಿನ ಡಬ್ಬ ಗುಂಡಗುರ್ತಿಯಲ್ಲಿ ಪಡಸಾಲೆಯ ದೇವರು. ಮೊಮ್ಮಗಳಿಗಾಗಿ ಮಾವ ಅದನ್ನೂ ತ್ಯಾಗ ಮಾಡಿದ್ದರು. ಒಣಗಾಳಿ ನೀರನ್ನು ಹೀರಿದರೆ ತಾನೆ ತಂಪು? ನಮ್ಮ ಊರಿನ ಗಾಳಿ ಆಗಲೇ ನೀರು ಕುಡಿದು ತೂರಾಡುವಂಥದು. ಕೂಲರ್ ಹಚ್ಚಿದರೆ ಹಪ್ಪಳ ಮೆತ್ತಗಾಯಿತು, ಉಪ್ಪು ಕರಗಿತು, ಸೆಕೆ ಮಾತ್ರ ಇದ್ದಲ್ಲೇ ಇತ್ತು.

ಮರುವರ್ಷ ಬೇಸಿಗೆಗೆ ಅತ್ತೆ ಬಂದರು, ಜೀವನದಲ್ಲಿ ಮೊದಲ ಸಲ ಸಮುದ್ರ ನೋಡಲು. ಕಾಸರಕೋಡಿನ ಮರಳಿನಲ್ಲಿ ನಿಂತು, ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು, ನೀರನ್ನು ಆ ತುದಿಯಿಂದ ಈ ತುದಿಗೆ ನೋಡಿದರು. ಅಂದು ತಾಪಮಾನ 33ರ ಆಸುಪಾಸು.

‘ಎಪ್ಪಾ, ಇದೇನ್ ಸೆಕಿ! ನಮ್ಮೂರಾಗ ಬೆವರು ಬಂದದ್ದs ಗೊತ್ತಾಗಂಗಿಲ್ಲ, ಆರಿ ಹೋಗ್ತದ. ಇಲ್ಲಿ ಮೈಗೆಲ್ಲ ಅಂಟಿ ಕುಂದರ್ತದ. ಕೂಸು ಹ್ಯಾಂಗ ತಡಕೋಬೇಕು?’

ಆ ವಾರವೇ ಮಗಳನ್ನೂ ಮೊಮ್ಮಗಳನ್ನೂ ಊರಿಗೆ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಮಾವನಿಗೆ ಫೋನಿನಲ್ಲಿ ತಿಳಿಸಿದರೆ ಅವರು ಕೇಳಿದ್ದು ಒಂದೇ ಪ್ರಶ್ನೆ, ಕೂಲರ್ ಬಸ್ಸಿನ ಮೇಲೆ ಹಾಕ್ತಾರೋ ಒಳಗ ಇಡ್ತಾರೋ. ಒಳಗೇ ಇಟ್ಟೆವು. ಕಂಡಕ್ಟರು ಮಗುವಿಗೆ ಟಿಕೆಟ್ ಬೇಡವೆಂದರು, ಕೂಲರಿಗೆ ಲಗೇಜು ಹರಿದರು.