ಹನ್ನೆರಡು ಮೂಲೆಯ ಬಾಯಿ

ಬೆಳಗ್ಗೆ ಏಳಕ್ಕೆ ಬರುತ್ತೇನೆಂದ ನಳದ ಹುಡುಗ ಏಳಕ್ಕೇ ಬಂದ. ದಾವಣಗೆರೆಯಲ್ಲಿ ಇದೊಂದು ಸಂತೋಷದ ಸಂಗತಿ. ಅವನ ಕೈಯಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆ, ತೆರೆದರೆ ಒಳಗೆ ಸಾಲುಸಾಲಾಗಿ ಹೊಳೆಯುವ ಸಾಕೆಟ್‌ಗಳು. ಹಿತ್ತಿಲ ಗೋಡೆಯ ಹಳೆಯ ಜಿಐ ಪೈಪಿನ ಬಾಯಿಗೆ ಹಾಕಿದ್ದ ಪ್ಲಗ್ಗನ್ನು ಬಿಚ್ಚಿ, ಅಲ್ಲಿಂದ ಹೊಸ ಲೈನ್ ಎಳೆಯಬೇಕಿತ್ತು. ಅವನು ಒಂದೊಂದೇ ಸಾಕೆಟ್ ತೆಗೆದು ಪ್ಲಗ್ಗಿನ ತಲೆಗೆ ಹಿಡಿದು ನೋಡಿದ. ಒಂದೂ ಕೂರಲಿಲ್ಲ. ತಲೆ ಚೌಕ, ಅವನ ಸಾಕೆಟ್‌ಗಳೆಲ್ಲ ಆರು ಮೂಲೆಯವು. ಪೈಪ್ ಪಾನಾ ಹಾಕಿ ಜಗ್ಗಿದ. ಅದು ಜಾರಿ, ಒಂದು ಮೂಲೆಯ ತುಕ್ಕು ಕಿತ್ತು ಬೆಳ್ಳಗಿನ ಗೀರು ಬಿತ್ತು.

"ಸಾರ್, ಇದು ಹಳೇ ಮಾಲು. ಪೈಪನ್ನೇ ಕೊಯ್ದು ಒಗದು ಬಿಡಾನ" ಅಂದ.

ಪೈಪ್ ಹೋದರೆ ಹೋಗಲಿ. ಆದರೆ ಆ ಮಾತು ನನಗೆ ಚುಚ್ಚಿತು. ತನ್ನ ಪೆಟ್ಟಿಗೆಯ ಬಾಯಿಗೆ ಹೊಂದದ ತಲೆಯೆಲ್ಲ ಹಳೇ ಮಾಲು, ಕೊಯ್ಯಬೇಕಾದ್ದು! ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಪೆಟ್ಟಿಗೆ ಮಾಡಿದವರು ಅವನಿಗೆ ಆರನ್ನಷ್ಟೇ ಕಲಿಸಿದ್ದಾರೆ.

ಒಳಗೆ ಹೋಗಿ ಅಪ್ಪನ ಬಿಸ್ಕತ್ತಿನ ಡಬ್ಬ ತಂದೆ. ಹರಿಹರದ ಮೈಸೂರು ಕಿರ್ಲೋಸ್ಕರ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅಪ್ಪ ಬಿಟ್ಟುಹೋದ ಆಸ್ತಿ ಎಂದು ನಾನು ಲೆಕ್ಕ ಹಿಡಿಯುವುದು ಆ ಡಬ್ಬವನ್ನೇ. ಅದರೊಳಗೆ 24 ಎಂದು ಅಚ್ಚೊತ್ತಿದ ಒಂದು ಕರಿಯ ಸಾಕೆಟ್ಟಿದೆ. ಒಳಗೆ ಬೆರಳಾಡಿಸಿದರೆ ಹಲ್ಲುಹಲ್ಲಾಗಿ ಹನ್ನೆರಡು ಮೂಲೆ. ಪ್ಲಗ್ಗಿಗೆ ಎಣ್ಣೆ ಬಿಟ್ಟು, ಒಂದು ಚಹಾ ಕುಡಿಯುವಷ್ಟು ಹೊತ್ತು ಕಾದು, ಸಾಕೆಟ್ ಕೂರಿಸಿ ಮೆಲ್ಲಗೆ ಒತ್ತಿದೆ. ಕೂತಿತು. ಕಿರ್ರೆಂದು ತಿರುಗಿತು. ಹುಡುಗ ಸಾಕೆಟ್ಟನ್ನು ಇಸಿದುಕೊಂಡು ಬೆಳಕಿಗೆ ಹಿಡಿದು ಎಣಿಸಿದ. "ಹನ್ನೆಲ್ಡದಾವೆ ಸಾರ್!"

ಹನ್ನೆರಡು ಮೂಲೆಯ ಸಾಕೆಟ್ ಅಪರೂಪದ್ದೇನಲ್ಲ, ಈಗಲೂ ಸಿಗುತ್ತದೆ. ಇಕ್ಕಟ್ಟಿನ ಜಾಗದಲ್ಲಿ ಆರರ ನಟ್ಟನ್ನು 30 ಡಿಗ್ರಿಗೊಮ್ಮೆ ಹಿಡಿದು ಬಿಡಲು ಅನುಕೂಲ ಎಂದು ಕೊಳ್ಳುತ್ತಾರೆ. ಚೌಕವನ್ನೂ ಅದು ಹಿಡಿಯುತ್ತದೆ ಎಂಬುದು ಮಾತ್ರ ಮರೆತುಹೋಗಿದೆ. ನನಗಂತೂ ಅದರ ಆ ಎರಡನೆಯ ಗುಣವೇ ಮುಖ್ಯ.

ಐದನೇ ತರಗತಿಯಲ್ಲಿ ನಾವೆಲ್ಲ ಲ.ಸಾ.ಅ. ಕಲಿತವರು. ಆರು ಮತ್ತು ನಾಲ್ಕರ ಲ.ಸಾ.ಅ. ಎಷ್ಟು? ಹನ್ನೆರಡು. ಕೋನದ ಲೆಕ್ಕದಲ್ಲಿ ನೋಡಿ: ಷಟ್ಕೋನದ ಮೂಲೆ 60 ಡಿಗ್ರಿಗೊಂದು, ಚೌಕದ್ದು 90ಕ್ಕೊಂದು. ಎರಡರ ಮ.ಸಾ.ಅ. 30. ಸುತ್ತ 30 ಡಿಗ್ರಿಗೊಂದು ಮೂಲೆ ಕೊಟ್ಟರೆ ಇಬ್ಬರಿಗೂ ಜಾಗವಾಗುತ್ತದೆ. ಆರರ ತಲೆ ಒಂದು ಬಿಟ್ಟು ಒಂದು ಮೂಲೆಯಲ್ಲಿ ಕೂರುತ್ತದೆ, ನಾಲ್ಕರ ತಲೆ ಎರಡು ಬಿಟ್ಟು ಮೂರನೆಯದರಲ್ಲಿ. ಹನ್ನೆರಡಕ್ಕಿಂತ ಕಡಿಮೆಯ ಯಾವ ಸಂಖ್ಯೆಯಿಂದಲೂ ಇದು ಸಾಧ್ಯವಿಲ್ಲ. ಎಂಟು ಮೂಲೆಯ ಸಾಕೆಟ್ಟುಗಳಿವೆ. ಚೌಕಕ್ಕೆ ಅವು ಚೆನ್ನ, ಆರಕ್ಕೆ ಬಾಗಿಲು ಮುಚ್ಚಿದ ಹಾಗೆ. ಶಾಲೆಯಲ್ಲಿ ಲ.ಸಾ.ಅ. ಕಲಿಸುವಾಗ ಯಾಕೆ ಮಕ್ಕಳ ಕೈಗೆ ಒಂದು ಸಾಕೆಟ್ ಕೊಡುವುದಿಲ್ಲ? ಎರಡು ಗಂಟೆಗಳು ಎಷ್ಟು ನಿಮಿಷಕ್ಕೊಮ್ಮೆ ಒಟ್ಟಿಗೆ ಬಾರಿಸುತ್ತವೆ ಎಂಬ ಲೆಕ್ಕವನ್ನೇ ಎಷ್ಟು ವರ್ಷ ಮಾಡಿಸುತ್ತೀರಿ? ಲ.ಸಾ.ಅ. ಎಂದರೆ ಇಬ್ಬರನ್ನೂ ಕೂರಿಸುವ ಅತಿ ಚಿಕ್ಕ ಮನೆ. ಅದನ್ನು ಬೆರಳಿನಿಂದ ಮುಟ್ಟಿ ಎಣಿಸಿದ ಮಗು ಜನ್ಮದಲ್ಲಿ ಮರೆಯುವುದಿಲ್ಲ. ಈ ವಿಷಯ ಬಂದರೆ ನಾನು ಮಾತು ನಿಲ್ಲಿಸುವುದಿಲ್ಲ ಎಂದು ಮನೆಯವರು ಎದ್ದು ಹೋಗುತ್ತಾರೆ. ಆದರೂ ಹೇಳುತ್ತೇನೆ.

ಅಳತೆಯನ್ನೂ ಗಮನಿಸಬೇಕು. 24ರ ಸಾಕೆಟ್ ಚೌಕದ 24ನ್ನು ಹಿಡಿಯುವುದಿಲ್ಲ. 24 ಮಿಲಿಮೀಟರ್ ಷಟ್ಕೋನದ ಮೂಲೆಯಿಂದ ಮೂಲೆಗೆ ಸುಮಾರು 27.7. ಅಷ್ಟೇ ಕರ್ಣದ ಚೌಕಕ್ಕೆ ಬದಿ 19.6. ಹಾಗಾಗಿ 19ರ ಚೌಕ ಅದರೊಳಗೆ ಕೊಂಚ ಸಡಿಲವಾಗಿ ಕೂರುತ್ತದೆ. ಸಾಕೆಟ್ಟಿನ ಮೂಲೆಗಳು 120 ಡಿಗ್ರಿಯವು, ಚೌಕದ ಮೂಲೆ 90. ಎರಡೂ ಕಡೆ ಹದಿನೈದು ಹದಿನೈದು ಡಿಗ್ರಿ ಗಾಳಿ. ಹಿಡಿತ ಸಿಗುವುದು ಮೂಲೆಯ ತುದಿಯಲ್ಲಿ, ಬರೀ ಒಂದು ಮಿಲಿಮೀಟರಿನಷ್ಟು. ಜೋರು ಮಾಡಿದರೆ ಮೂಲೆ ಸವೆದು ಗುಂಡಗಾಗುತ್ತದೆ. ಆಮೇಲೆ ಯಾವ ಪಾನಾಕ್ಕೂ ಅದು ಸಿಗುವುದಿಲ್ಲ. ಅದಕ್ಕೇ ಅಪ್ಪ ಚೌಕಕ್ಕೆ ಇದನ್ನು ಹಾಕಿದಾಗ ಹ್ಯಾಂಡಲ್ಲಿಗೆ ಪೈಪು ತೊಡಿಸಿ ಉದ್ದ ಮಾಡಿಕೊಳ್ಳುತ್ತಿರಲಿಲ್ಲ. ಅಂಗೈ ಒತ್ತಿ, ನಿಂತು, ಮತ್ತೆ ಒತ್ತುತ್ತಿದ್ದರು. ಇಬ್ಬರಿಗೂ ಜಾಗ ಕೊಟ್ಟ ಬಾಯಿ ಇಬ್ಬರನ್ನೂ ಒಂದೇ ಬಿಗಿಯಲ್ಲಿ ಹಿಡಿಯಲಾರದು, ಉಳಿದದ್ದನ್ನು ಕೈ ತುಂಬಿಕೊಡಬೇಕು.

ಚೌಕವೇನೂ ಪೆದ್ದು ಆಕಾರವಲ್ಲ. ಕುಲುಮೆಯಲ್ಲಿ ಕಮ್ಮಾರ ಸುತ್ತಿಗೆಯಿಂದ ತಟ್ಟಿ ನಾಲ್ಕು ಮೈ ಮಾಡಬಲ್ಲ. ಸರಿಯಾದ ಆರು ಮೈ ಮಾಡುವುದು ಕಷ್ಟ. ಗಾಡಿ, ಕುಂಟೆ, ಕಬ್ಬಿಣದ ನೇಗಿಲುಗಳಿಗೆಲ್ಲ ಚೌಕ ನಟ್ಟುಗಳಿದ್ದ ಕಾಲವಿತ್ತು. ಅಗಲ ಮೈ, ಒರಟು ಪಾನಾಕ್ಕೂ ಹಿಡಿತ. ಆರರ ನಟ್ಟು ಗೆದ್ದದ್ದು ಇಕ್ಕಟ್ಟಿನಿಂದ. ಯಂತ್ರಗಳು ಚಿಕ್ಕವಾದಂತೆ ಪಾನಾವನ್ನು ಕಾಲು ಸುತ್ತು ತಿರುಗಿಸಲು ಜಾಗ ಸಿಗಲಿಲ್ಲ, 60 ಡಿಗ್ರಿಗೇ ಮತ್ತೆ ಹಿಡಿಯುವಂತಾಗಬೇಕಿತ್ತು. ಆದರೂ ಲೇತಿನ ಮೇಲೆ ಚೌಕ ಉಳಿಯಿತು. ಟೂಲ್ ಪೋಸ್ಟಿನ ಸ್ಕ್ರೂಗಳಿಗೆ ಚೌಕ ತಲೆ, ನಾಲ್ಕು ದವಡೆಯ ಚಕ್ಕಿನ ಕೀಲಿಗೆ ಚೌಕ ಮೂತಿ. ಅದೇ ಲೇತಿನ ಬೇರೆ ಜಾಗಗಳಲ್ಲಿ ಆರರ ನಟ್ಟು. 1941ರಲ್ಲಿ ಹರಿಹರದಲ್ಲಿ ಶುರುವಾದ, ಅಪ್ಪ ದುಡಿದ ಆ ಕಾರ್ಖಾನೆ ಹೆಸರು ಮಾಡಿದ್ದು ಲೇತಿನಿಂದಲೇ. ಲೇತಿನ ಜೊತೆ ದಿನ ಕಳೆದವರ ಜೇಬಿನಲ್ಲಿ ನಾಲ್ಕೂ ಆರೂ ಒಟ್ಟಿಗೆ ಇರಬೇಕಾದ್ದು ಸಹಜ.

ನಾಲ್ಕೂ ಆರೂ ಒಟ್ಟಿಗೆ ಎಂದಾಗ ನೆನಪಾಯಿತು. ಹರಿಹರದಲ್ಲಿ ಬೆಳೆದವರಿಗೆ ಗುಹಾಸುರನ ಕತೆ ಅಜ್ಜಿಯ ತೊಡೆಯ ಮೇಲೆಯೇ ಸಿಕ್ಕಿರುತ್ತದೆ. ಹರಿಯೊಬ್ಬನಿಂದಲೂ ಸಾಯಬಾರದು, ಹರನೊಬ್ಬನಿಂದಲೂ ಸಾಯಬಾರದು ಎಂದು ಬ್ರಹ್ಮನಿಂದ ವರ ಪಡೆದವನು. ತುಂಗಭದ್ರೆಗೆ ಹರಿದ್ರಾ ಹೊಳೆ ಕೂಡುವ ಕೂಡಲೂರಿನಲ್ಲಿ, ಅಂದರೆ ಈ ಹರಿಹರದಲ್ಲಿ, ಅವನ ಹಾವಳಿ. ಕೊನೆಗೆ ಇಬ್ಬರೂ ಒಂದೇ ಮೈಯಾಗಿ ಬಂದರು, ಬಲಕ್ಕೆ ಹರ, ಎಡಕ್ಕೆ ಹರಿ. ಅಪ್ಪ ಈ ಕತೆಯನ್ನು ಫಿಟ್ಟರ್ ಭಾಷೆಯಲ್ಲೇ ಹೇಳುತ್ತಿದ್ದರು: "ನೋಡಪ್ಪಾ, ಆ ನಟ್ಟು ಈ ಪಾನಾಕ್ಕೂ ಬರಲ್ಲ, ಆ ಪಾನಾಕ್ಕೂ ಬರಲ್ಲ ಅಂತಿತ್ತು. ಎರಡೂ ಸೇರಿಸಿ ಒಂದು ಮಾಡಿದ್ರು." ಭಕ್ತಿಯಿಂದಲೇ ಹೇಳುತ್ತಿದ್ದರು. ಹರಿಹರದ ಗುಡಿಯಲ್ಲಿ ಗರ್ಭಗುಡಿಯ ಮುಂದೆ ಕೈಮುಗಿದು ನಿಂತಾಗ ಅವರ ಕಣ್ಣು ಮೂರ್ತಿಯ ನಡುವೆ, ಎರಡು ಅರ್ಧಗಳು ಕೂಡುವಲ್ಲಿ ಇರುತ್ತಿತ್ತು.

ಆ ಗುಡಿಯಲ್ಲಿ ಅಪ್ಪನನ್ನು ದೇವರಷ್ಟೇ ಹೊತ್ತು ನಿಲ್ಲಿಸುತ್ತಿದ್ದದ್ದು ಕಂಬಗಳು. 1224ರ ಹೊತ್ತಿಗೆ, ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ. ಮಂಟಪದ ಕಂಬಗಳನ್ನು ತಿರುಗಿಸಿ ಕಡೆದಿದ್ದಾರೆ, ಲೇತಿನ ಕೆಲಸ. ಕಾರ್ಖಾನೆಗೆ ಏಳು ನೂರು ವರ್ಷ ಮೊದಲೇ ಹರಿಹರದಲ್ಲಿ ಕಲ್ಲು ತಿರುಗುತ್ತಿತ್ತು! ನನಗೆ ಹತ್ತು ವರ್ಷವಿರಬೇಕು. ಒಂದು ಮಧ್ಯಾಹ್ನ ಪಾಳಿ ಮುಗಿಸಿ ಬಂದ ಅಪ್ಪ ನನ್ನನ್ನು ಅಲ್ಲಿಗೆ ಕರೆದೊಯ್ದರು. ಕೈಯಲ್ಲಿ ಇನ್ನೂ ಕೂಲಂಟಿನ ವಾಸನೆ. ಕಂಬದ ಹತ್ತಿರ ಕೂತು, ಹೆಬ್ಬೆರಳ ಉಗುರನ್ನು ಒಂದು ಗೆರೆಯೊಳಗಿಟ್ಟು, ಕಂಬದ ಸುತ್ತ ಮೆಲ್ಲಗೆ ಎಳೆದರು. ತಿರುಗಿಸಿದ ಕಬ್ಬಿಣದ ನುಣುಪನ್ನು ಅವರು ಪರೀಕ್ಷಿಸುತ್ತಿದ್ದದ್ದೂ ಹಾಗೆಯೇ. ಉಗುರು ಎಲ್ಲೂ ತಡೆಯಲಿಲ್ಲ.

ನನ್ನ ಬೆರಳನ್ನೂ ಹಿಡಿದು ಅದೇ ಗೆರೆಯಲ್ಲಿ ಓಡಿಸಿದರು. ಆಮೇಲೆ ಕೆಳಗೆ, ಕಂಬದ ಬುಡದ ಚೌಕ ಕಲ್ಲನ್ನು ಅಂಗೈಯಿಂದ ತಟ್ಟಿದರು.

"ಮೇಲೆ ತಿರುಗಿಸ್ಯಾರೆ. ಇದನ್ನ ಬಿಟ್ಟಾರೆ. ಹಿಡಕೊಳ್ಳಾಕೆ ಬೇಕಲ್ಲ, ಅದಕ್ಕೆ."